ಕಂಪನಿ ಕಾನೂನಲ್ಲಿ ಊರಿನವರ ಹೆಸರಿದೆ, ಬಾಯಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದಿತ್ತು, ಯಾವುದೋ ಕಂಪನಿಯವರು ಸರ್ಕಾರಿ ಶಾಲೆಗೆ ಶುದ್ಧ ನೀರಿನ ಘಟಕ ಕೊಟ್ಟಿದ್ದು, ಟೇಪ್ ಕಟ್ ಮಾಡೋಕೆ ಹತ್ತು ಜನ, ಹಿಂದೆ ಬೋರ್ಡಲ್ಲಿ ಶಾಲೆ ಹೆಸರಿಗಿಂತ ಕಂಪನಿ ಹೆಸರೇ ದೊಡ್ಡದು. ಕೊಟ್ಟಿದ್ದು ಒಳ್ಳೇದೇ, ಮಕ್ಕಳು ಕುಡೀಲಿ. ಆದ್ರೆ ಕೆಳಗೆ 'ಕಂಪನಿಯ ಔದಾರ್ಯ' ಅಂತ ಹಾಕಿದ್ರಲ್ಲ, ಅದನ್ನ ಓದಿ ಇದನ್ನ ಟೈಪ್ ಮಾಡೋಕೆ ಕೂತೆ. ಔದಾರ್ಯ ಅಲ್ಲ ಸ್ವಾಮಿ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 5 ಕೋಟಿ ಲಾಭ ಮಾಡೋ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜಕ್ಕೆ ಖರ್ಚು ಮಾಡ್ಲೇಬೇಕು. ಮನೆ ಕಂದಾಯ ಕಟ್ಟಿದ್ದಕ್ಕೆ ನಮಗ್ಯಾರಾದ್ರೂ ಹಾರ ಹಾಕ್ತಾರಾ?

ಈ 2% ಎಲ್ಲರಿಗೂ ಗೊತ್ತು, ಯಾಕಂದ್ರೆ ಅದ್ರಲ್ಲಿ ಫೋಟೋ ಇದೆ. ಅದೇ ಕಾಯ್ದೆಯ 166(2) ಯಾರಿಗೂ ಗೊತ್ತಿಲ್ಲ. ಕಂಪನಿ ಡೈರೆಕ್ಟರ್ ಆದವನು ಷೇರುದಾರರ ಹಿತ ಅಷ್ಟೇ ಅಲ್ಲ, ಕೆಲಸಗಾರರ ಹಿತ, ಸಮುದಾಯದ ಹಿತ, ಪರಿಸರದ ರಕ್ಷಣೆ ಎಲ್ಲಾ ನೋಡ್ಕೊಂಡು ನಡೀಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಎಷ್ಟು ಚೆನ್ನಾಗಿದೆ ಅಲ್ವಾ. ಮುಂದೆ ಓದಿ. ಡೈರೆಕ್ಟರ್ ಹಾಗೆ ನಡೀಲಿಲ್ಲ ಅಂದ್ರೆ ಕೋರ್ಟಿಗೆ ದೂರು ಕೊಡೋರು ಯಾರು ಅಂತ 439ನೇ ಸೆಕ್ಷನ್ ನೋಡಿದ್ರೆ ಅಲ್ಲಿರೋದು ಕಂಪನಿ ರಿಜಿಸ್ಟ್ರಾರು, ಷೇರುದಾರರು, ಇಲ್ಲಾ ಕೇಂದ್ರ ಸರ್ಕಾರ ನೇಮಿಸಿದವರು. ಯಾವ ಸಮುದಾಯದ ಹೆಸರು ಹೇಳಿ ಕಾನೂನು ಮಾಡಿದ್ರೋ ಆ ಸಮುದಾಯನೇ ಲಿಸ್ಟಲ್ಲಿಲ್ಲ. ಬಾವಿ ನೀರು ಕೆಟ್ಟವನು ಕೇಳೋಹಾಗಿಲ್ಲ, ಮುಂಬೈಲಿ ಕೂತು ಹತ್ತು ಷೇರು ತಗೊಂಡವನು ಕೇಳಬಹುದು. ನಮ್ಮ ವಕೀಲ ಮಿತ್ರರೊಬ್ಬರು ತಮಾಷೆಗೆ ಅಂತಿದ್ರು, ಊರಲ್ಲಿ ಪಟ್ಟಿ ಎತ್ತಿ ಒಂದು ಷೇರು ತಗೊಂಡುಬಿಡ್ರಿ, ವರ್ಷಕ್ಕೊಮ್ಮೆ ಮೀಟಿಂಗಿಗೆ ಹೋಗಿ ಎದ್ದು ನಿಂತು ಕೇಳ್ರಿ ಅಂತ. ನನಗದು ತಮಾಷೆ ಅನ್ನಿಸ್ಲಿಲ್ಲ, ಮಾಡಬಹುದಾದ ಕೆಲಸನೇ. ಆದ್ರೆ ನಮ್ಮ ಕಡೆ ಫ್ಯಾಕ್ಟರಿಗಳು ಹೆಚ್ಚಿನವು ಪ್ರೈವೇಟ್ ಲಿಮಿಟೆಡ್, ಅವುಗಳ ಷೇರು ಪೇಟೇಲಿ ಸಿಗಲ್ಲ.

ಜನ ಕೇಳಿದ್ರೆ ಏನೂ ಆಗಲ್ಲ ಅನ್ನೋರಿಗೆ ಕುಸನೂರಿನ ಕಥೆ ಹೇಳ್ಬೇಕು. 1984ರಲ್ಲಿ ಸರ್ಕಾರ ಮತ್ತೆ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಮಾಡಿದ್ರು, ಸುಮಾರು 30 ಸಾವಿರ ಹೆಕ್ಟೇರ್ ಸಿ ಅಂಡ್ ಡಿ ಭೂಮಿಲಿ, ಅಂದ್ರೆ ಊರಿನವರು ಬಳಸ್ತಿದ್ದ ಸರ್ಕಾರಿ ಜಾಗದಲ್ಲಿ, ನೀಲಗಿರಿ ಹಚ್ಚೋ ಪ್ಲಾನು. ಊರಿನ ದನ ಮೇಯೋದು ಅಲ್ಲೇ, ಒಲೆಗೆ ಪುಳ್ಳೆ ಸಿಗೋದೂ ಅಲ್ಲೇ. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯವರು ಹಳ್ಳಿಯವರನ್ನ ಕಟ್ಕೊಂಡು ಎದ್ದರು, ಶಿವರಾಮ ಕಾರಂತರೇ ಅರ್ಜಿದಾರರಾಗಿ 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು. ಮರುವರ್ಷ ನವೆಂಬರ್ 14ಕ್ಕೆ ಹಾನಗಲ್ ತಾಲ್ಲೂಕಿನ ಕುಸನೂರಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ನೂರರಷ್ಟು ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಹಣ್ಣಿನದು ಮೇವಿನದು ಹಚ್ಚಿದ್ರು. ನಾನಾಗ ಸಣ್ಣ ಹುಡುಗ. ನಮ್ಮಪ್ಪನೂ ಹೋಗಿದ್ರು, ಸಂಜೆ ಬಂದು ಕೈಕಾಲು ಮಣ್ಣಲ್ಲೇ ಕಟ್ಟೆ ಮೇಲೆ ಕೂತು "ಒಂದ್ ಕಲ್ಲೂ ಬೀಳಲಿಲ್ಲ ನೋಡವಾ" ಅಂತ ಅಮ್ಮಂಗೆ ಹೇಳಿದ್ದು ಈಗ್ಲೂ ನೆನಪಿದೆ. 1991ಕ್ಕೆ ಆ ಕಂಪನಿನೇ ಮುಚ್ಚಿಹೋಯ್ತು. ಇದೇ ಸಂಘಟನೆಯವರು ಮುಂದೆ 2009ರಲ್ಲಿ ಬಳ್ಳಾರಿ ಗಣಿ ವಿಷಯ ಹಿಡ್ಕೊಂಡು ಸುಪ್ರೀಂ ಕೋರ್ಟಿಗೆ ಹೋಗಿದ್ದು, 2011ರಲ್ಲಿ ಗಣಿ ನಿಂತಿದ್ದು ಎಲ್ಲರಿಗೂ ಗೊತ್ತಿರೋದೇ. ಅಂದ್ರೆ ಬೀದಿ ಒಂದು ಕಡೆ, ಕೋರ್ಟು ಒಂದು ಕಡೆ, ಎರಡೂ ಒಟ್ಟಿಗೆ ಇದ್ದಾಗ ಕೆಲಸ ಆಗಿದೆ.

ಈಗ ಕೋರ್ಟಿನ ಕಡೆ ಬಾಗಿಲು ಒಂದೊಂದೇ ಮುಚ್ಚಿಕೊಳ್ತಾ ಇದೆ, ಅದೇ ನನ್ನ ಸಂಕಟ. ಭೋಪಾಲ್ ಅನಿಲ ದುರಂತ ಆಗಿದ್ದು 1984 ಡಿಸೆಂಬರ್, ಅದರ ಹಿಂದೆನೇ ಬಂದಿದ್ದು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಅದ್ರಲ್ಲಿ ನಿಯಮ ಮುರಿದವರಿಗೆ 5 ವರ್ಷದವರೆಗೆ ಜೈಲು ಅಂತಿತ್ತು. ಎಷ್ಟು ಜನ ಜೈಲಿಗೆ ಹೋದ್ರು ಅಂತ ಕೇಳಬೇಡಿ, ಭೋಪಾಲಿನ ಕೇಸಲ್ಲೇ 2010ರಲ್ಲಿ ತೀರ್ಪು ಬಂದಾಗ ಅಧಿಕಾರಿಗಳಿಗೆ ಆಗಿದ್ದು 2 ವರ್ಷ, ಅವತ್ತೇ ಬೇಲು. ಆದ್ರೂ ಪುಸ್ತಕದಲ್ಲಿ ಜೈಲು ಅಂತಿದ್ರೆ ಎಂಡಿ ಸಾಹೇಬ್ರು ಫೋನಾದ್ರೂ ಎತ್ತುತ್ತಿದ್ರು. 2023ರ ಜನ ವಿಶ್ವಾಸ್ ಕಾಯ್ದೆ ಬಂದು ಅದನ್ನೂ ತೆಗೆದುಬಿಡ್ತು, ಈಗ 10 ಸಾವಿರದಿಂದ 15 ಲಕ್ಷದವರೆಗೆ ದಂಡ, ಜೈಲು ಅನ್ನೋದು ದಂಡ ಕಟ್ಟದಿದ್ರೆ ಮಾತ್ರ. ಹಳೇ ದಂಡ ಬರೀ 1 ಲಕ್ಷ ಇತ್ತು, ಈಗ ಜಾಸ್ತಿ ಆಗಿದೆಯಲ್ಲ ಅಂತ ಕೆಲವರು ವಾದ ಮಾಡ್ತಾರೆ, ಲೆಕ್ಕಕ್ಕೆ ಸರಿ. ಆದ್ರೆ ನೂರಾರು ಕೋಟಿ ವಹಿವಾಟಿನವನಿಗೆ 15 ಲಕ್ಷ ಅಂದ್ರೆ ನಮಗೆ ಹೆಲ್ಮೆಟ್ ಫೈನ್ ಇದ್ದಂಗೆ, ಖರ್ಚಿನ ಲೆಕ್ಕಕ್ಕೆ ಹಾಕೊಂಡು ಮುಂದೆ ಹೋಗ್ತಾನೆ. ದಂಡ ವಹಿವಾಟಿನ ಶೇಕಡಾ ಲೆಕ್ಕದಲ್ಲಿರ್ಬೇಕು, ಸಹಿ ಹಾಕಿದ ಡೈರೆಕ್ಟರ್ ಜೇಬಿಂದನೂ ಒಂದಿಷ್ಟು ಹೋಗ್ಬೇಕು, ಜನ ಸತ್ತಂಥ ಕೇಸಲ್ಲಿ ಜೈಲು ವಾಪಸ್ ಬರ್ಬೇಕು. 439ರ ಲಿಸ್ಟಿಗೆ 'ತೊಂದರೆಗೆ ಒಳಗಾದವರು' ಅಂತ ಎರಡು ಪದ ಸೇರಿಸಿದ್ರೆ ಸಾಕು, ಅದಕ್ಕೇನು ಖಜಾನೆ ಖಾಲಿ ಆಗಲ್ಲ. ಕಂಪನಿ ಕಾನೂನು ಕೇಂದ್ರದ್ದು, ಹಾಗಾಗಿ ಇದನ್ನ ಎಂಎಲ್ಎ ಹತ್ರ ಕೇಳಿ ಪ್ರಯೋಜನ ಇಲ್ಲ, ನಮ್ಮ 28 ಎಂಪಿಗಳಲ್ಲಿ ಒಬ್ಬರಾದ್ರೂ ಖಾಸಗಿ ಮಸೂದೆ ತರಲಿ. ಪಾಸಾಗಲ್ಲ, ಗೊತ್ತು. ಚರ್ಚೆಯಾದ್ರೂ ಆಗುತ್ತಲ್ಲ.

ಅಲ್ಲೀತನಕ ಇರೋದನ್ನಾದ್ರೂ ಬಳಸೋಣ. ಅಪಾಯಕಾರಿ ತ್ಯಾಜ್ಯ ಇರೋ ಫ್ಯಾಕ್ಟರಿಗಳು ಒಳಗೆ ಏನಿದೆ, ಹೊರಗೆ ಏನು ಬಿಡ್ತಾ ಇದೀವಿ ಅಂತ ಗೇಟಿನ ಹೊರಗೆ ಬೋರ್ಡ್ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಎಷ್ಟೋ ಕಡೆ ಬೋರ್ಡಿದೆ, ಅಂಕಿ ಮಳೆಗೆ ಅಳಿಸಿಹೋಗಿರುತ್ತೆ. ಒಂದು ಫೋಟೋ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರ್‌ಟಿಐ ಹಾಕಿ, ಕಂಪನಿಗೆ ಆರ್‌ಟಿಐ ಅನ್ವಯಿಸಲ್ಲ ಅಂದ್ರೂ ಮಂಡಳಿ ಹತ್ರ ಇರೋ ನೀರಿನ ರಿಪೋರ್ಟು ಕೊಡ್ಲೇಬೇಕು.

ಇನ್ನು ಪಬ್ಲಿಕ್ ಹಿಯರಿಂಗು, ಅಂದ್ರೆ ಫ್ಯಾಕ್ಟರಿ ಬಗ್ಗೆ ಊರಿನವರ ಅಭಿಪ್ರಾಯ ಕೇಳೋ ಸಭೆ. ಮೂರು ವರ್ಷದ ಹಿಂದೆ ನಮ್ಮ ತಾಲ್ಲೂಕಲ್ಲಿ ಒಂದು ಫ್ಯಾಕ್ಟರಿ ವಿಸ್ತರಣೆಗೆ ಆಯ್ತು, ಹೆಸರು ಬೇಡ. ಶಾಮಿಯಾನ, ಕೂಲರ್, ಊಟಕ್ಕೆ ಹೋಳಿಗೆ ಬೇರೆ, ಮುಂದಿನ ಐದು ಸಾಲಲ್ಲಿ ಕಂಪನಿ ಬಸ್ಸಲ್ಲೇ ಬಂದಿದ್ದ ಕೆಲಸಗಾರರು, ಏನು ಹೇಳಿದ್ರೂ ಚಪ್ಪಾಳೆ. ಕನ್ನಡದ ಸಾರಾಂಶ ಅಂತ ಕೊಟ್ಟಿದ್ದನ್ನ ನಮ್ಮ ಹೈಸ್ಕೂಲ್ ಮೇಷ್ಟ್ರಿಗೆ ತೋರಿಸ್ದೆ, ಅವರಿಗೂ ತಲೆಬುಡ ಗೊತ್ತಾಗ್ಲಿಲ್ಲ. ನಾವು ಹೊರಗಿನಿಂದ ಹೋದವರು ಏಳು ಜನ. ಮೀನು ಹಿಡಿಯೋ ಕೇರಿಯಿಂದ ಒಬ್ಬರೂ ಬಂದಿರ್ಲಿಲ್ಲ, ಆಮೇಲೆ ಕೇಳಿದ್ರೆ "ನಮಗ್ಯಾರ್ ಹೇಳ್ಯಾರ್ರೀ" ಅಂದ್ರು.

ಹೇಳಿದ್ದು ನಿಮ್ಮ ಪೇಪರೇ, ಸಂಪಾದಕರೇ. ಕಾನೂನು ಪ್ರಕಾರ 30 ದಿನ ಮುಂಚೆ ನೋಟಿಸ್ ಬಂದಿತ್ತು, ನಾನು ಹಳೇ ಪೇಪರ್ ಕಟ್ಟು ಬಿಚ್ಚಿ ಹುಡುಕಿದೆ, ಎಂಟನೇ ಪುಟದಲ್ಲಿ ಟೆಂಡರು ಮತ್ತೆ ಕಳೆದುಹೋದ ಮಾರ್ಕ್ಸ್‌ಕಾರ್ಡ್ ನಡುವೆ, ಕನ್ನಡಕ ಹಾಕೊಂಡ್ರೂ ಕಾಣದಷ್ಟು ಸಣ್ಣ ಅಕ್ಷರ. ಜಾಹೀರಾತಿಗೆ ದುಡ್ಡು ಬರುತ್ತೆ, ತಗೊಳ್ಳಿ, ಬೇಡ ಅನ್ನಲ್ಲ. ಅದರ ಜೊತೆಗೆ ಯಾವ ಊರು, ಯಾವ ದಿನ, ಎಷ್ಟು ಗಂಟೆಗೆ ಅಂತ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಹಾಕಿ, ಆ ನೀರಿನ ಘಟಕದ ಫೋಟೋ ಹಾಕಿದ್ರಲ್ಲ, ಅದೇ ಜಾಗದಲ್ಲಿ.

ಇಂತಿ,
ಹಾನಗಲ್ ಕಡೆಯ ಒಬ್ಬ ಓದುಗ