ಭಾನುವಾರದ ಸಂಗಮ–ಮೇಕೆದಾಟು ಸೈಕಲ್ ಸವಾರಿ

ಸದಸ್ಯರ ಗಮನಕ್ಕೆ: ಸಾತನೂರು, ದೊಡ್ಡಆಲಹಳ್ಳಿ ಮಾರ್ಗವಾಗಿ ಸಂಗಮಕ್ಕೆ ಹೋಗುತ್ತೇವೆ. ಕನಕಪುರದವರೆಗೆ ಸೈಕಲ್‌ಗಳನ್ನು ವಾಹನದಲ್ಲೇ ತನ್ನಿ. ಆ ಹೆದ್ದಾರಿಯಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ತುಳಿಯುವುದರಲ್ಲಿ ಪುರುಷಾರ್ಥವೇನೂ ಇಲ್ಲ.

ಕಾಡಿನ ನಡುವಿನ ಕೊನೆಯ ಇಳಿಜಾರು ಡಾಂಬರು ರಸ್ತೆ. ಇಳಿಯುವಾಗ ಮುದ ನೀಡುವ ತಿರುವುಗಳೇ ಬಿಸಿಲಲ್ಲಿ ಏರುವಾಗ ಬಡ್ಡಿ ಸಮೇತ ವಸೂಲಿ ಮಾಡುತ್ತವೆ. ಆದ್ದರಿಂದ 10 ಗಂಟೆಗೆ ಮರುಪ್ರಯಾಣ, ತಕರಾರಿಲ್ಲ.

ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅರ್ಕಾವತಿಯನ್ನು ದಾಟಿದರೆ ಮೇಕೆದಾಟುವಿಗೆ ಸುಮಾರು 4 ಕಿ.ಮೀ. ಒರಟು ದಾರಿ. 40 ಮಿ.ಮೀ. ಅಗಲದ ಟೈರ್ ಇರಲಿ, ಅಲ್ಲಿ ಗಾಳಿ ತುಸು ಇಳಿಸಿಕೊಳ್ಳಿ. ಗಟ್ಟಿ ಟೈರ್ ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ಹೊಳೆ ತುಂಬಿದ್ದರೆ ಸಂಗಮದಲ್ಲೇ ಸವಾರಿ ಮುಕ್ತಾಯ.

ಕಮರಿಯ ಅಂಚಿನ ಬಂಡೆಗಳು ನೀರು ಉಜ್ಜಿ ನುಣುಪಾಗಿವೆ, ಕೆಲವೆಡೆ ಮಡಕೆಯಂತೆ ಕೊರೆದುಹೋಗಿವೆ. ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಬೂಟು ಅಲ್ಲಿ ಜಾರುವುದು ಖಚಿತ. ಸುಳಿಗಳಿವೆ, ಯಾರೂ ನೀರಿಗಿಳಿಯಬೇಡಿ.

ಇದು ಕಾವೇರಿ ವನ್ಯಧಾಮ, ಆನೆಗಳ ನೆಲೆ. ಒಳದಾರಿಗಳಿಗೆ ಯಾರೂ ನುಗ್ಗಬಾರದು. ಅರಣ್ಯ ಸಿಬ್ಬಂದಿ ಬೇಡವೆಂದರೆ ಬೇಡ. ಸ್ಪೀಕರ್ ಮನೆಯಲ್ಲಿರಲಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ಹೆಸರು ಬರೆಯಿರಿ. ಹೆಚ್ಚುವರಿ ಟ್ಯೂಬ್ ತರದವರು ಪಕ್ಕದವರ ಮುಖ ನೋಡಬೇಡಿ.