ಭಾಷಣಕಾರರ ಬೆನ್ನ ಹಿಂದೆ ಕೂತವರೂ ಸುದ್ದಿಯೇ

ಮಾನ್ಯ ಸಂಪಾದಕರೇ,

ರಾಜಕೀಯ ಸಭೆಗಳ ವರದಿಯಲ್ಲಿ ಭಾಷಣದ ಸಾರ ಇರುತ್ತದೆ, ಜೊತೆಗೊಂದು ಫೋಟೊ ಇರುತ್ತದೆ. ಆ ಫೋಟೊವನ್ನು ಎಲ್ಲಿ ನಿಂತು ತೆಗೆದರು, ಅದರಲ್ಲಿ ಬಿದ್ದವರನ್ನು ಅಲ್ಲಿ ಕೂರಿಸಿದವರು ಯಾರು ಎನ್ನುವುದು ಮಾತ್ರ ಬರುವುದಿಲ್ಲ. ಸಭೆಗಳಿಗೆ ವೇದಿಕೆ, ಬೆಳಕು, ಮೈಕ್ ಒದಗಿಸುವ ನಮಗೆ ಇದು ಅರ್ಧ ವರದಿ ಅನ್ನಿಸುತ್ತದೆ.

ಫೋಟೊದಲ್ಲಿ ಏನು ಬೀಳಬೇಕೆಂದು ಮೊದಲೇ ಹೊಂದಿಸುವ ಕೆಲಸವನ್ನು ಅಮೆರಿಕದವರಷ್ಟು ಲೆಕ್ಕಾಚಾರದಿಂದ ಮಾಡಿದವರು ಕಡಿಮೆ. ಜಾರ್ಜ್ ಡಬ್ಲ್ಯು. ಬುಷ್ ಅವರ ಕಾಲದಲ್ಲಿ ಶ್ವೇತಭವನ ಇದಕ್ಕೆಂದೇ ಟಿ.ವಿ. ವಾಹಿನಿಗಳಲ್ಲಿ ಪಳಗಿದವರನ್ನು ಇಟ್ಟುಕೊಂಡಿತ್ತು. 2002ರ ಆಗಸ್ಟ್‌ನಲ್ಲಿ ಮೌಂಟ್ ರಶ್ಮೋರ್‌ನಲ್ಲಿ ಕ್ಯಾಮೆರಾಗಳ ಅಟ್ಟಣಿಗೆಯನ್ನು ನೇರ ಎದುರಿಗೆ ಹಾಕದೆ ಒಂದು ಪಕ್ಕಕ್ಕೆ ಹಾಕಿದರು. ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖಗಳ ಸಾಲಿಗೆ ಬುಷ್ ಮುಖವೂ ಸೇರಿಕೊಂಡಿತು. 2003ರ ಜನವರಿಯಲ್ಲಿ ಸೇಂಟ್ ಲೂಯಿಸ್‌ನ ಗೋದಾಮಿನಲ್ಲಿ ಅವರು ಮಾತನಾಡಿದಾಗ ಹಿಂದಿನ ಪರದೆಯ ಮೇಲೆ ‘ಅಮೆರಿಕದಲ್ಲಿ ತಯಾರಾದದ್ದು’ ಎಂದು ಬರೆದ ಪೆಟ್ಟಿಗೆಗಳ ಚಿತ್ರ. ಸುತ್ತ ಇದ್ದ ನಿಜವಾದ ಪೆಟ್ಟಿಗೆಗಳ ಮೇಲಿನ ‘ಚೀನಾದಲ್ಲಿ ತಯಾರಾದದ್ದು’ ಎಂಬ ಅಕ್ಷರಗಳಿಗೆ ಕಾಗದ ಅಂಟಿಸಲಾಗಿತ್ತು. ಅದೇ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ತೆರಿಗೆ ಕಡಿತದ ಬಗ್ಗೆ ಭಾಷಣ. ಬುಷ್ ಹಿಂದೆ ಕೂತವರಿಗೆ ಟೈ ಬಿಚ್ಚಿಡಲು ಹೇಳಿದರು. ತೆರಿಗೆ ಉಳಿಯುವುದು ಸಾಮಾನ್ಯರಿಗೆ ಎಂದಾಗ ಹಿಂದೆ ಕಾಣಬೇಕಾದವರೂ ಸಾಮಾನ್ಯರೇ ತಾನೆ!

ಹೀಗೆ ಕಟ್ಟಿದ್ದು ಕೈಕೊಡುವುದೂ ಉಂಟು. 2003ರ ಮೇ 1ರಂದು ವಿಮಾನವಾಹಕ ನೌಕೆಯ ಮೇಲೆ ‘ಮಿಷನ್ ಅಕಾಂಪ್ಲಿಶ್ಡ್’ (ಕಾರ್ಯ ಮುಗಿಯಿತು) ಬ್ಯಾನರ್ ಕೆಳಗೆ ಇರಾಕ್ ಯುದ್ಧದ ಬಗ್ಗೆ ಬುಷ್ ಮಾಡಿದ ಭಾಷಣದ ಮಾತುಗಳು ಯಾರಿಗೂ ನೆನಪಿಲ್ಲ. ಇರಾಕ್‌ನಿಂದ ಅವರ ಸೇನೆ ಹೊರಬಂದದ್ದು 2011ರ ಕೊನೆಗೆ. ಬ್ಯಾನರ್ ಮಾತ್ರ ಗೇಲಿಗೆ ವಸ್ತುವಾಗಿ ಉಳಿಯಿತು. 2017ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಪಕ್ಷದ ಸಮಾವೇಶದಲ್ಲಿ ಆಗಿನ ಬ್ರಿಟನ್ ಪ್ರಧಾನಿ ತೆರೇಸಾ ಮೇ ಮಾತನಾಡುತ್ತಿದ್ದಂತೆ ಹಿಂದಿನ ಗೋಡೆಗೆ ಅಂಟಿಸಿದ್ದ ಘೋಷಣೆಯ ಅಕ್ಷರಗಳು ಉದುರಿದವು. 2018ರ ಸೆಪ್ಟೆಂಬರ್‌ನಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಟ್ರಂಪ್ ಹಿಂದೆ ನಿಂತಿದ್ದ ಚೌಕಳಿ ಅಂಗಿಯ ಹುಡುಗ ಒಂದೊಂದು ಮಾತಿಗೂ ಹುಬ್ಬೇರಿಸತೊಡಗಿದ. ಭಾಷಣ ನಡೆಯುತ್ತಿರುವಾಗಲೇ ಅವನನ್ನು ಕಳಿಸಿ ಆ ಜಾಗಕ್ಕೆ ಬೇರೆಯವರನ್ನು ತಂದರು. ಬೆನ್ನ ಹಿಂದೆ ಏನಾಗುತ್ತಿದೆ ಎನ್ನುವುದು ಗೊತ್ತಾಗದೇ ಇರುವುದು ಭಾಷಣಕಾರರಿಗೆ ಮಾತ್ರ.

ನಮ್ಮಲ್ಲಿ ಹಿಂದೆ ಕೂರುವವರು ಮತದಾರರಲ್ಲ, ಮುಖಂಡರು. ಮೂವತ್ತು ನಲವತ್ತು ಕುರ್ಚಿ, ಅದರಲ್ಲಿ ಮೊದಲ ಸಾಲಿಗಾಗಿ ಹಿಂದಿನ ರಾತ್ರಿಯವರೆಗೂ ಜಗ್ಗಾಟ. ಯಾರು ಯಾರ ಪಕ್ಕ ಎನ್ನುವುದು ತೀರ್ಮಾನವಾಗುವುದು ಪಕ್ಷದ ಒಳಲೆಕ್ಕದ ಮೇಲೆ, ಕ್ಯಾಮೆರಾ ಕಣ್ಣಿನ ಮೇಲಲ್ಲ. ಹೀಗಾಗಿ ನಾಯಕರು ಬರಗಾಲದ ಮಾತಾಡುವಾಗ ಹಿಂದೆ ಒಬ್ಬರು ಮೊಬೈಲ್ ಉಜ್ಜುತ್ತಿರುತ್ತಾರೆ, ಇನ್ನೊಬ್ಬರು ಚೀಟಿ ರವಾನಿಸುತ್ತಿರುತ್ತಾರೆ, ಮತ್ತೊಬ್ಬರು ಆಕಳಿಸುತ್ತಾರೆ. ಕ್ಯಾಮೆರಾ ಮುಖದ ಮಟ್ಟದಲ್ಲಿದ್ದರೆ ಭಾಷಣಕಾರರ ಹಿಂದೆ ಆರೇಳು ಜನ ಮಾತ್ರ ಬೀಳುತ್ತಾರೆ. ಆ ಆರೇಳು ಕುರ್ಚಿ ಯಾವುವು ಎಂದು ಮೊದಲೇ ಗುರುತು ಹಾಕಬಹುದು. ಹಾಗೆ ಮಾಡುವವರು ಅಪರೂಪ.

ಇದರಲ್ಲಿ ಧ್ವನಿಯದೂ ಪಾತ್ರವಿದೆ. ಪೋಡಿಯಂನ ಮೈಕ್ ಭಾಷಣಕಾರರ ಕಡೆಗೆ ತಿರುಗಿರುತ್ತದೆ, ಅಂದರೆ ಅವರ ಹಿಂದೆ ಕೂತವರ ಕಡೆಗೂ. ಸಾಮಾನ್ಯವಾಗಿ ಬಳಸುವ ಮೈಕ್‌ಗಳು ತಮ್ಮ ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತವೆ. ಸಭಿಕರ ಕಡೆಗೆ ಬೇರೆ ಮೈಕ್ ಇಡದಿದ್ದರೆ ಟಿ.ವಿ.ಯಲ್ಲಿ ಕೇಳುವ ಚಪ್ಪಾಳೆ ಬಹುಪಾಲು ವೇದಿಕೆಯವರದೇ. ಮೈದಾನದ ಕೂಗು ದೂರದ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ. ಹೆಚ್ಚಿನ ಭದ್ರತೆಯ ನಾಯಕರು ಬಂದರಂತೂ ವೇದಿಕೆಯ ಮುಂದೆ ಪೊಲೀಸರು ‘ಡಿ’ ಎಂದು ಕರೆಯುವ ಖಾಲಿ ಜಾಗ ಬಿಟ್ಟು ಬ್ಯಾರಿಕೇಡ್ ಹಾಕಿರುತ್ತಾರೆ, ಜನ ಮತ್ತಷ್ಟು ದೂರವಾಗುತ್ತಾರೆ. ನೂರು ಮೀಟರ್ ದಾಟಲು ಧ್ವನಿಗೆ ಸುಮಾರು 0.3 ಸೆಕೆಂಡ್ ಬೇಕು. ಹಿಂದಿನ ಸಾಲಿನ ಚಪ್ಪಾಳೆ ಭಾಷಣಕಾರರಿಗೆ ಮುಟ್ಟುವ ಹೊತ್ತಿಗೆ ಅವರು ಮುಂದಿನ ವಾಕ್ಯದಲ್ಲಿರುತ್ತಾರೆ. ಮೈದಾನದ ನಡುವಿನ ಸ್ಪೀಕರ್‌ಗಳಿಗೆ ವೇದಿಕೆಯಿಂದ ಇರುವ ದೂರದ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್‌ನಂತೆ ವಿಳಂಬ ಕೊಡದಿದ್ದರೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ, ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಹಿಂದಿಯ ಭಾಷಣವನ್ನು ವಾಕ್ಯ ವಾಕ್ಯಕ್ಕೆ ಕನ್ನಡಕ್ಕೆ ತರುವಾಗ ಕಷ್ಟ ಇಮ್ಮಡಿ. ನಗು ಬರಬೇಕಾದಲ್ಲಿ ಮೌನ, ಅನುವಾದಕರ ಸಾಲಿಗೆ ನಗು, ಅಷ್ಟರಲ್ಲಿ ನಾಯಕರು ಗಂಭೀರ ವಿಷಯಕ್ಕೆ ಹೊರಳಿರುತ್ತಾರೆ.

ಬೆಳಕಿನ ತಪ್ಪುಗಳು ಇನ್ನೂ ಸರಳ. ವಾಸ್ತು ನೋಡಿ ವೇದಿಕೆಯನ್ನು ಪೂರ್ವಕ್ಕೆ ಮುಖ ಮಾಡಿಸುತ್ತಾರೆ, ಸಭೆ ಸಂಜೆ ನಾಲ್ಕಕ್ಕೆ. ಸೂರ್ಯ ವೇದಿಕೆಯ ಹಿಂದೆ, ನಾಯಕರ ಮುಖ ಕಪ್ಪು, ಜನರ ಕಣ್ಣಿಗೆ ಬಿಸಿಲು. ಉತ್ತರಕ್ಕೆ ತಿರುಗಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬಿಳಿ ಅಂಗಿ, ಬಿಳಿ ಪಂಚೆಯವರ ಹಿಂದೆ ಬಿಳಿ ಫ್ಲೆಕ್ಸ್ ಕಟ್ಟಿದರೆ ತಲೆಯೊಂದೇ ತೇಲಿದಂತಿರುತ್ತದೆ. ಹಿಂದಿನ ಎಲ್‌ಇಡಿ ಪರದೆಯನ್ನು ಪೂರ್ತಿ ಉರಿಸಿದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಮಂಕಾಗಿಸುತ್ತದೆ. ಘೋಷಣೆಯ ಅಕ್ಷರಗಳನ್ನು ತಲೆಯ ಮಟ್ಟದಲ್ಲಿ ಬರೆಸಿದರೆ ಪೋಡಿಯಂಗೆ ಬಂದವರ ತಲೆಯೇ ಅದನ್ನು ನುಂಗುತ್ತದೆ. ಎಲ್ಲರೂ ಕೈ ಕೈ ಹಿಡಿದು ಮೇಲೆತ್ತುವ ಗಳಿಗೆ ಬೇರೆ ಕಾರಣಕ್ಕೆ ಅಪಾಯ. ನಲವತ್ತು ಜನರ ಭಾರ ಒಮ್ಮೆಲೇ ವೇದಿಕೆಯ ಮುಂದಿನ ಅಂಚಿಗೆ ಬರುತ್ತದೆ. ಹಲಗೆಗಳ ಜೋಡಣೆ ಬಿಡುವುದು ಅಲ್ಲೇ.

ಇನ್ನು ಜನಸಾಗರದ ಫೋಟೊ. ವೇದಿಕೆಯ ಎತ್ತರದಿಂದ ಉದ್ದದ ಲೆನ್ಸ್ ಹಾಕಿ ತೆಗೆದರೆ ಮುಂದಿನ ತಲೆಗಳು ಹಿಂದಿನ ಖಾಲಿ ಕುರ್ಚಿಗಳನ್ನು ಮುಚ್ಚುತ್ತವೆ, ಸಾಲುಗಳ ನಡುವಿನ ಅಂತರ ಕುಗ್ಗುತ್ತದೆ. ಅದೇ ಮೈದಾನವನ್ನು ಪಕ್ಕದ ಕಟ್ಟಡದ ಮೇಲಿಂದ ತೆಗೆದರೆ ಬೋಳು ಜಾಗಗಳು ಎದ್ದು ಕಾಣುತ್ತವೆ. ಸಂಖ್ಯೆಯ ವಿಷಯಕ್ಕೆ ಬಂದರೆ, ಓಡಾಡುವ ದಾರಿಯೂ ಸೇರಿ ಒಂದು ಕುರ್ಚಿಗೆ ಆರು ಚದರಡಿ ಹಿಡಿಯಿರಿ. ಎಕರೆಗೆ 43,560 ಚದರಡಿ, ಅಂದರೆ 7,260 ಕುರ್ಚಿ. ಕುರ್ಚಿಯಿಲ್ಲದೆ ಒತ್ತಾಗಿ ನಿಂತರೆ ತಲೆಗೆ ನಾಲ್ಕೂವರೆ ಚದರಡಿಯಂತೆ ಸುಮಾರು 9,700. ಹತ್ತು ಎಕರೆಗೆ ಕುರ್ಚಿ ಹಾಕಿ ‘ಮೂರು ಲಕ್ಷ ಜನ’ ಎಂದು ಸಂಘಟಕರು ಹೇಳಿದರೆ ಅದನ್ನು ಹಾಗೇ ಅಚ್ಚು ಹಾಕುವುದು ಎಷ್ಟು ಸರಿ?

ನಮ್ಮ ಕೋರಿಕೆ ಇಷ್ಟು. ಸಭೆಯ ದೊಡ್ಡ ವರದಿಗೆ ಎರಡು ಫೋಟೊ ಹಾಕಿ, ಒಂದು ವೇದಿಕೆಯದು, ಇನ್ನೊಂದು ಮೈದಾನದ ಹಿಂಬದಿಯಿಂದ ಎತ್ತರದಲ್ಲಿ ತೆಗೆದದ್ದು. ಪಕ್ಷದವರೇ ಕಳಿಸಿದ ಫೋಟೊ ಆಗಿದ್ದರೆ ಅಡಿಯಲ್ಲಿ ಹಾಗೆಂದು ಬರೆಯಿರಿ. ಜನರ ಸಂಖ್ಯೆ ಕೊಟ್ಟರೆ ಮೈದಾನದ ವಿಸ್ತೀರ್ಣವನ್ನೂ ಕೊಡಿ. ಚುನಾವಣೆ ಹೊತ್ತಿನಲ್ಲಿ ಇದು ಇನ್ನೂ ಸುಲಭ. ಆಯೋಗದ ವಿಡಿಯೊ ಕಣ್ಗಾವಲು ತಂಡ ವೇದಿಕೆಯ ಅಳತೆ, ಕುರ್ಚಿ, ಬ್ಯಾನರ್, ಕಟೌಟ್, ವಾಹನ ಎಲ್ಲವನ್ನೂ ಚಿತ್ರೀಕರಿಸುತ್ತದೆ. ತಾರಾ ಪ್ರಚಾರಕರ ವೇದಿಕೆಯಲ್ಲಿ ಅಭ್ಯರ್ಥಿ ಕಾಣಿಸಿಕೊಂಡರೆ, ಅಥವಾ ಅವರ ಫೋಟೊ ಅಲ್ಲಿದ್ದರೆ, ಖರ್ಚಿನ ಪಾಲು ಅವರ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದ ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಚುನಾವಣೆ ಮುಗಿದು ಅಭ್ಯರ್ಥಿ ಲೆಕ್ಕ ಸಲ್ಲಿಸಿದ ಮೇಲೆ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು. ಎಲ್‌ಇಡಿ ಪರದೆಗೆ, ಕುರ್ಚಿಗೆ ಎಷ್ಟು ತೋರಿಸಿದ್ದಾರೆ ಎಂದು ನಿಮ್ಮ ವರದಿಗಾರರು ಒಮ್ಮೆ ತೆರೆದು ನೋಡಲಿ, ನಿಮ್ಮಲ್ಲೇ ಅಚ್ಚಾದ ಫೋಟೊದ ಪಕ್ಕ ಇಟ್ಟು.

ಇತಿ,
ಸಭೆ ಸಮಾರಂಭಗಳ ವೇದಿಕೆ ಮತ್ತು ಧ್ವನಿ ಕೆಲಸಗಾರರು
ದಾವಣಗೆರೆ