ಮಗಳಿಗೊಂದು ಪತ್ರ: ಜರ್ಸಿ, ಟಿಕೆಟ್, ಚೆಂಡು ಮಂಗಳೂರಿಗೆ ಬರುವ ಮುನ್ನ

ಪ್ರೀತಿಯ ಪುಟ್ಟಿ,

ಫುಟ್‌ಬಾಲ್ ಸಾಮಾನಿನ ಪೆಟ್ಟಿಗೆಗಳು ಏಪ್ರಿಲ್ ಮುಗಿಯುವುದರೊಳಗೆ ನಿನ್ನ ಮನೆ ಸೇರುತ್ತವೆ. ಬೆಂಗಳೂರಿನ ಹವೆಯಲ್ಲಿ ಕಬ್ಬಿಣದ ಬೀರುವಿನೊಳಗೆ ಸುಮ್ಮನೆ ಇಟ್ಟರೂ ಬಾಳಿದ ವಸ್ತುಗಳು ಮಂಗಳೂರಿನ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯಬಹುದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಯಾವುದನ್ನೂ ಹೊಸದರಂತೆ ಮಾಡಲು ಹೋಗಬೇಡ. ಒಗೆದುಹೋದ ಕಲೆ, ಉಜ್ಜಿಹೋದ ಬಣ್ಣ, ಅಂಟು ಹೀರಿದ ಕಾಗದ ಯಾವುದೂ ಮತ್ತೆ ಮೊದಲಿನಂತಾಗುವುದಿಲ್ಲ.

ತೇವಾಂಶದಿಂದ ಶುರು ಮಾಡೋಣ. ಗಾಳಿಯ ತೇವಾಂಶ ಅಳೆಯುವ ಒಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ತಗೊಂಡು ಬೀರುವಿನೊಳಗೇ ಇಡು, ಹಾಲ್‌ನಲ್ಲಿ ಅಲ್ಲ. ಅದು 45ರಿಂದ 55 ಶೇಕಡಾ ತೋರಿಸುತ್ತಿದ್ದರೆ ನಿಶ್ಚಿಂತೆ. 65 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಶುರುವಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಯನ್ನು ಬೂಷ್ಟು ತಿನ್ನುವುದಿಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಬಟ್ಟೆಯನ್ನು ತಿನ್ನದಿರಬಹುದು, ಅದರಲ್ಲಿ ಇಂಗಿದ ಬೆವರು, ಧೂಳು, ಗಂಜಿಯ ಮೇಲೆ ಅದು ಬೆಳೆದೇ ಬೆಳೆಯುತ್ತದೆ, ಕಪ್ಪು ಚುಕ್ಕೆ ಬಿಟ್ಟೇ ಹೋಗುತ್ತದೆ. ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಕೊಳ್ಳುವಾಗ ತಳದ ತ್ರಿಕೋನದೊಳಗೆ 5 ಇದೆಯೇ ನೋಡು, ಅದು ಪಾಲಿಪ್ರೊಪಿಲೀನ್. 3 ಇದ್ದರೆ ಪಿವಿಸಿ, ಅದನ್ನು ಮನೆಗೆ ತರಲೇಬೇಡ. ಅದನ್ನು ಮೃದುವಾಗಿಸಲು ಹಾಕಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಬಂದು ಜರ್ಸಿಯ ಅಚ್ಚಿಗೂ ಸಹಿಯ ಶಾಯಿಗೂ ಅಂಟಿಕೊಳ್ಳುತ್ತದೆ. 30 ಲೀಟರಿನ ಒಂದು ಡಬ್ಬಕ್ಕೆ ಸುಮಾರು 200 ಗ್ರಾಂ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಹರಳಿನದ್ದು ತಗೊ, ತೇವ ಹೀರಿ ತುಂಬಿದಾಗ ಹಸಿರಾಗುತ್ತದೆ. ಆಗ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಅದಕ್ಕೊಂದು ಬೇರೆ ತಟ್ಟೆ ಇರಲಿ, ಅಡುಗೆಯ ತಟ್ಟೆ ಬೇಡ. ಮಳೆ ಹಿಡಿದ ಮೇಲೆ ಯಾವ ಡಬ್ಬವನ್ನೂ ಹೊಸದಾಗಿ ಮುಚ್ಚಬೇಡ. ತೇವದ ಗಾಳಿಯನ್ನೇ ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ.

ಜರ್ಸಿಗಳಲ್ಲಿ ಎರಡು ಜಾತಿ, ಎರಡನ್ನೂ ಬೆರೆಸಬೇಡ. ಅಂಗಡಿಯಿಂದ ತಂದ, ಸಹಿಯಿಲ್ಲದ ಜರ್ಸಿಯನ್ನು ಒಗೆಯಬಹುದು: ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ, ಅರ್ಧ ಬಕೆಟ್ಟಿಗೆ ಅರ್ಧ ಚಮಚ ಸೌಮ್ಯ ಸೋಪುಪುಡಿ ಹಾಕಿ. ಹಿಂಡಬೇಡ, ಬಟ್ಟೆ ಮೆದುಮಾಡುವ ಕಂಡೀಷನರ್ ಬೇಡ, ನೆರಳಿನಲ್ಲಿ ಹಾಸಿ ಒಣಗಿಸು. ಬೆನ್ನಿನ ಸಂಖ್ಯೆ, ಹೆಸರು ಬಿರುಕು ಬಿಡುವುದು ಬಹುತೇಕ ಶಾಖದಿಂದ. ಇಸ್ತ್ರಿ, ಡ್ರೈಯರ್, ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ, ಎಲ್ಲವೂ ಒಂದೇ. ಆಟಗಾರ ಮೈದಾನದಲ್ಲಿ ತೊಟ್ಟ ಜರ್ಸಿ ಮತ್ತು ಸಹಿ ಇರುವ ಜರ್ಸಿಗೆ ಮಾತ್ರ ನೀರು ತಾಗಲೇಬಾರದು. ಹುಲ್ಲಿನ ಕಲೆ, ಮಣ್ಣು, ಸೊಂಟದ ಬಳಿ ಎಳೆದು ಬಿಟ್ಟ ದಾರ, ಇವೇ ಆ ಜರ್ಸಿ ಆ ಪಂದ್ಯದ್ದು ಎಂಬುದಕ್ಕೆ ಸಾಕ್ಷಿ. ಬೆವರು ಬಟ್ಟೆಯನ್ನು ನಿಧಾನಕ್ಕೆ ಹಳದಿ ಮಾಡುತ್ತದೆ ನಿಜ. ಆದರೂ ಸಾಕ್ಷಿ ಅಳಿಸುವುದಕ್ಕಿಂತ ಹಳದಿಯೇ ಮೇಲು ಎಂದು ನನ್ನ ನಿಲುವು.

ಹ್ಯಾಂಗರ್‌ಗೆ ನೇತುಹಾಕಬೇಡ. ತಿಂಗಳುಗಟ್ಟಲೆ ನೇತಾಡಿದರೆ ಭುಜದಲ್ಲಿ ಉಬ್ಬು ಮೂಡುತ್ತದೆ, ತಂತಿಯ ಹ್ಯಾಂಗರ್ ಆದರೆ ಉಪ್ಪುಗಾಳಿಗೆ ತುಕ್ಕೂ ಹತ್ತುತ್ತದೆ. ಅಂಗಾತ ಇಟ್ಟು, ಮಡಚಲೇಬೇಕಾದರೆ ಸಂಖ್ಯೆಯ ಮೇಲೆ ಮಡಿಕೆ ಬಾರದಂತೆ ಮಡಚು. ಪ್ರತಿ ಮಡಿಕೆಯೊಳಗೆ ಸುರುಳಿ ಸುತ್ತಿದ ಬಟ್ಟೆ ಇಟ್ಟರೆ ಗೆರೆ ಕಡಿದಾಗುವುದಿಲ್ಲ. ಆಮ್ಲರಹಿತ ಟಿಶ್ಯೂ ಕಾಗದ ಸಿಗದಿದ್ದರೆ ಅಜ್ಜನ ಹಳೆಯ ಬಿಳಿ ಪಂಚೆ ಬಹಳ ಒಳ್ಳೆಯದು. ಗಂಜಿ, ನೀಲಿ ಎರಡೂ ಹೋಗುವಷ್ಟು ಸಲ ಒಗೆದಿರಬೇಕು, ಅಷ್ಟೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಜಾಗದಲ್ಲಿ ಮಡಚು. ರಬ್ಬರಿನಂತಿರುವ ಅಚ್ಚು ಕರಾವಳಿಯ ಸೆಕೆಗೆ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಕಿತ್ತರೆ ಅಕ್ಷರವೇ ಎದ್ದುಬರುತ್ತದೆ. ಸಂಖ್ಯೆಯ ಮೇಲೆ ಕೇಕ್ ಬೇಯಿಸುವಾಗ ಹಾಸುವ ಸಿಲಿಕೋನ್ ಲೇಪದ ಕಾಗದ ಹಾಸು.

ಸುನಿಲ್ ಛೆಟ್ರಿ ಸಹಿ ಇರುವ ನೀಲಿ ಜರ್ಸಿಯನ್ನು ಗೋಡೆಗೆ ಹಾಕುವ ಆಸೆ ನಿನಗಿದೆ ಎಂದು ಗೊತ್ತು. ಹಾಕು, ಆದರೆ ಬೆಳಕಿನ ಲೆಕ್ಕ ತಿಳಿದು ಹಾಕು. ಮಾರ್ಕರ್ ಶಾಯಿ ಬಿಸಿಲಿಗೆ ಮೊದಲು ಕಂದಾಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಇಲ್ಲವಾಗುತ್ತದೆ. ಬೆಳಕಿನ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ, ಕತ್ತಲಲ್ಲಿಟ್ಟರೆ ಗುಣವಾಗುವುದಿಲ್ಲ. ಕಿಟಕಿಯ ಎದುರು ಗೋಡೆ ಬೇಡ. ಅತಿನೇರಳೆ ತಡೆಯುವ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಹಾಕಿಸು, ಅದಕ್ಕೂ ಬಟ್ಟೆಗೂ ನಡುವೆ ಕನಿಷ್ಠ 2 ಸೆಂಟಿಮೀಟರ್ ಖಾಲಿ ಬಿಡಿಸು. ತಾಗಿದರೆ ತೇವಕ್ಕೆ ಶಾಯಿ ಹಾಳೆಗೆ ಅಂಟುತ್ತದೆ. ಫ್ರೇಮಿನವರು ಡಬಲ್ ಟೇಪು, ಗುಂಡುಪಿನ್ನು ಎತ್ತಿಕೊಂಡರೆ ತಡೆದುಬಿಡು. ಜರ್ಸಿಯ ಅಳತೆಗೆ ಕತ್ತರಿಸಿದ ಫೋಮ್ ಹಲಗೆಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ತೂರಿಸಿ, ಭುಜದ ಮತ್ತು ಪಕ್ಕೆಯ ಹೊಲಿಗೆಯ ಮೇಲೆಯೇ ಸಣ್ಣ ದಾರದಲ್ಲಿ ನಾಲ್ಕಾರು ಟಾಕು ಹಾಕಿದರೆ ಸಾಕು.

ಫ್ರೇಮಿನ ಮುಂಭಾಗಕ್ಕೆ ಎಲ್ಲರೂ ದುಡ್ಡು ಸುರಿಯುತ್ತಾರೆ, ಬೆನ್ನನ್ನು ಯಾರೂ ನೋಡುವುದಿಲ್ಲ. ಬ್ರೆಜಿಲ್ 1970ರಲ್ಲಿ ಶಾಶ್ವತವಾಗಿ ಗೆದ್ದುಕೊಂಡ ಹಳೆಯ ವಿಶ್ವಕಪ್ ಟ್ರೋಫಿ, ಅಂದರೆ ಜೂಲ್ ರಿಮೇ ಕಪ್, 1983ರಲ್ಲಿ ರಿಯೊ ನಗರದಲ್ಲಿದ್ದ ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟದ ಕಟ್ಟಡದಿಂದ ಹೋದದ್ದು ಹೀಗೆಯೇ. ಪೆಟ್ಟಿಗೆಯ ಮುಂದೆ ಗುಂಡು ತಡೆಯುವ ಗಾಜು, ಹಿಂದೆ ಬರೀ ಮರದ ಚೌಕಟ್ಟು. ಕಳ್ಳರು ಹಾರೆಯಿಂದ ಹಿಂಬದಿಯನ್ನು ಮೀಟಿದರು, ಕಪ್ ಮತ್ತೆ ಸಿಗಲಿಲ್ಲ. ನಮ್ಮ ಮನೆಗೆ ಕಳ್ಳ ಬರುವುದಿಲ್ಲ, ಬರುವುದು ಗೋಡೆಯ ಪಸೆ ಮತ್ತು ಹಾರ್ಡ್‌ಬೋರ್ಡಿನ ಆಮ್ಲ. ಹಾರ್ಡ್‌ಬೋರ್ಡಿನ ಬದಲು ಪಾಲಿಪ್ರೊಪಿಲೀನಿನ ಪೊಳ್ಳು ಹಾಳೆ ಹಾಕಿಸು. ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕು. ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಒಂದು ಸೆಂಟಿಮೀಟರ್ ಗಾಳಿ ಆಡಲು ಬಿಡು.

ಟಿಕೆಟ್‌ಗಳನ್ನು ನೋಡಿ ಲ್ಯಾಮಿನೇಟ್ ಮಾಡಿಸೋಣ ಅನ್ನಿಸುತ್ತದೆ. ಖಂಡಿತ ಬೇಡ. ಬಸ್ ಟಿಕೆಟಿನಂತೆ ಶಾಖದಿಂದ ಅಚ್ಚಾದ ಥರ್ಮಲ್ ಕಾಗದ ಲ್ಯಾಮಿನೇಷನ್ ಯಂತ್ರದೊಳಗೆ ಹೋದರೆ ಇಡೀ ಹಾಳೆ ಕಪ್ಪಾಗಿ ಹೊರಬರುತ್ತದೆ, ಏಕೆಂದರೆ ಆ ಕಾಗದ ಬಿಸಿ ತಾಗಿದಲ್ಲೆಲ್ಲ ಕಪ್ಪಾಗುವಂಥದ್ದೇ. ಉಗುರಿನಿಂದ ಗೀಚಿ ನೋಡು: ಕಪ್ಪು ಗೆರೆ ಬಂದರೆ ಥರ್ಮಲ್. ಪರೀಕ್ಷೆ ಹಿಂಬದಿಯ ಅಂಚಿನಲ್ಲಿ ಬೇಡ, ಅಲ್ಲಿ ತಿಳಿಯುವುದಿಲ್ಲ. ಮುಂಬದಿಯ ಮೂಲೆಯಲ್ಲಿ ಸಾಸಿವೆಯಷ್ಟು ಜಾಗ ಸಾಕು. ಅಂಥವನ್ನು ಬಂದ ದಿನವೇ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡು. ಎಷ್ಟೇ ಜೋಪಾನ ಮಾಡಿದರೂ ಅವುಗಳ ಅಕ್ಷರ ಒಂದು ದಿನ ಹೋಗುವುದೇ. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ಸೇರಿದ ಪಂದ್ಯದ ಟಿಕೆಟ್ ಮೊದಲು ಸ್ಕ್ಯಾನ್ ಆಗಲಿ. ಭಾರತದ ಕ್ಲಬ್ ಒಂದು ಆ ಫೈನಲ್ ಕಂಡದ್ದು ಅದೇ ಮೊದಲು.

ಪತ್ರಿಕೆಯ ತುಣುಕುಗಳನ್ನು ಬೇರೆ ಕಾಗದಗಳ ಜೊತೆ ಇಡಬೇಡ. ಅಗ್ಗದ ಕಾಗದದ ಮರದಂಶ ಹಳದಿಯಾಗುತ್ತ ಪಕ್ಕದ್ದನ್ನೂ ಹಳದಿ ಮಾಡುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ವರದಿಗಳೆಲ್ಲ ಅಂಥ ಕಾಗದದಲ್ಲಿವೆ. ಆ ಟ್ರೋಫಿ ನಮಗೆ ಅದಕ್ಕೆ ಮುಂಚೆ ಬಂದದ್ದು 1968-69ರಲ್ಲಿ, ಆಗ ನಾವಿನ್ನೂ ಮೈಸೂರು ರಾಜ್ಯ. ಕಾರ್ಯಕ್ರಮ ಪುಸ್ತಿಕೆಗಳ ಸ್ಟೇಪ್ಲರ್ ಪಿನ್ನು ಕರಾವಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಕಾಲುಗಳನ್ನು ತೆಳು ಚಾಕುವಿನಿಂದ ಹಿಂಬದಿಯಲ್ಲಿ ನೆಟ್ಟಗೆ ಮಾಡಿ, ಮುಂದಿನಿಂದ ತೆಗೆದು, ಅದೇ ತೂತುಗಳಲ್ಲಿ ಹತ್ತಿ ದಾರ ಕಟ್ಟು. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಹರಿದದ್ದು ಹರಿದೇ ಇರಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ನಮ್ಮ ಸಾರಂಗಪಾಣಿ ರಾಮನ್ ಅವರ ಫೋಟೊವನ್ನು ಅಂಚಿನಲ್ಲಿ ಮಾತ್ರ ಹಿಡಿ. ಬೆರಳ ಜಿಡ್ಡು ಮುಖದ ಮೇಲೆ ಬಿದ್ದರೆ ಮುಂದೆ ಕಲೆಯಾಗುತ್ತದೆ. ಅಂಟು ಹಾಳೆಯ ಆಲ್ಬಂಗೆ ಅದನ್ನು ಹಾಕಕೂಡದು.

ಸಹಿ ಇರುವ ಚೆಂಡಿಗೆ ಪಂದ್ಯದ ಗಾಳಿ ಬೇಡ. ನಿಯಮದಂತೆ ಆಟದ ಚೆಂಡಿನಲ್ಲಿ ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ಇರಬೇಕು. ಕಪಾಟಿನಲ್ಲಿ ಕೂರುವ ಚೆಂಡಿಗೆ 4-5 ಸಾಕು. ಹೆಚ್ಚಾದರೆ ಹೊಲಿಗೆ ಎಳೆದು ಸಹಿಯ ಮೇಲೆ ಬಿರುಕು, ಕಡಿಮೆಯಾದರೆ ಚೆಂಡು ಕುಸಿದು ಮಡಿಕೆ. ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿ ಚುಚ್ಚು, ಒಣ ಸೂಜಿ ವಾಲ್ವನ್ನು ಸೀಳುತ್ತದೆ. ದಾರ ಕಟ್ಟುವ ಹಳೆಯ ಚರ್ಮದ ಚೆಂಡಿಗೆ ಎಣ್ಣೆ, ಪಾಲಿಶ್ ಏನೂ ಹಚ್ಚಬೇಡ. ಚರ್ಮ ಕಪ್ಪಾಗುತ್ತದೆ, ಜಿಡ್ಡಿಗೆ ಬೂಷ್ಟೂ ಬರುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದರೆ ಮುಗಿಯಿತು. ಬೂಟುಗಳ ಪಾಲಿಯುರಿಥೇನ್ ಅಟ್ಟೆ ಕಾಲಿಗೆ ಹಾಕದೆ ಇಟ್ಟರೂ ಗಾಳಿಯ ತೇವ ಹೀರಿ ಪುಡಿಪುಡಿಯಾಗುತ್ತದೆ, ಆದ್ದರಿಂದ ಸಿಲಿಕಾ ಜೆಲ್ ಕಡಿಮೆ ಬಿದ್ದರೆ ಮೊದಲ ಪಾಲು ಬೂಟಿನ ಡಬ್ಬಕ್ಕೆ. ಪದಕಗಳಿಗೆ ಬ್ರಾಸೊ ಬೇಡ, ಮೇಲಿನ ಲೇಪವೇ ಹೋಗುತ್ತದೆ.

ನುಸಿ ಗುಳಿಗೆಯನ್ನು ಯಾವ ಡಬ್ಬಕ್ಕೂ ಹಾಕಬೇಡ, ಅದರ ಹಬೆ ಜರ್ಸಿಯ ಅಚ್ಚನ್ನು ಮೆದುಮಾಡುತ್ತದೆ. ಬೇವಿನೆಲೆಯೂ ಬೇಡ, ಕಲೆ ಬಿಡುತ್ತದೆ. ಉಣ್ಣೆಯ ಸ್ಕಾರ್ಫಿನಲ್ಲಿ ಹುಳು ಕಂಡರೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡ, ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ಮಂಗಳೂರಿನ ಗಾಳಿಯೆಲ್ಲ ನೀರಾಗಿ ಕೂರುತ್ತದೆ. ಫೋಟೊ, ಚೆಂಡು, ಪದಕಕ್ಕೆ ಈ ಉಪಾಯ ಸಲ್ಲದು.

ಇಷ್ಟೆಲ್ಲ ಮಾಡಿಯೂ ಕೆಂಪು ರಟ್ಟಿನ ನೋಟ್‌ಪುಸ್ತಕ ಕಳೆದರೆ ಅರ್ಧ ಸಂಗ್ರಹ ಕಳೆದಂತೆ. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಯಾವ ಪಂದ್ಯ, ಯಾರಿಂದ ಬಂತು, ಏನು ದಾಖಲೆ ಎಂದಿದೆ. 1986ರ ಜೂನ್ 22ರಂದು ಇಂಗ್ಲೆಂಡ್ ವಿರುದ್ಧ ಮರಡೋನಾ ತೊಟ್ಟ ಜರ್ಸಿ 2022ರಲ್ಲಿ ಲಂಡನ್‌ನಲ್ಲಿ ಸುಮಾರು 71 ಲಕ್ಷ ಪೌಂಡಿಗೆ ಹರಾಜಾದಾಗ, ಅದು ಗೋಲು ಹೊಡೆದ ಎರಡನೇ ಅರ್ಧದ ಜರ್ಸಿಯಲ್ಲ ಎಂದು ಅವರ ಕುಟುಂಬ ತಕರಾರು ತೆಗೆಯಿತು. ತೀರ್ಮಾನಕ್ಕೆ ನೆರವಾದದ್ದು ಹಳೆಯ ಫೋಟೊಗಳು. ಆ ಜರ್ಸಿಗಳನ್ನು ಪಂದ್ಯಕ್ಕೆ ಸ್ವಲ್ಪ ಮುಂಚೆ ಮೆಕ್ಸಿಕೊ ನಗರದ ಅಂಗಡಿಯಿಂದ ತಂದು, ಲಾಂಛನ ಹೊಲಿದು, ಬೆಳ್ಳಿ ಬಣ್ಣದ ಸಂಖ್ಯೆಗಳನ್ನು ಇಸ್ತ್ರಿಯಿಂದ ಅಂಟಿಸಿದ್ದರು. ಹೀಗೆ ಕೈಯಲ್ಲಿ ಮಾಡಿದ್ದರಿಂದ ಒಂದರಂತೆ ಇನ್ನೊಂದು ಇರಲಿಲ್ಲ, ಲಾಂಛನ, ಪಟ್ಟೆ, ಸಂಖ್ಯೆಗಳ ಸಣ್ಣ ವ್ಯತ್ಯಾಸಗಳು ಎರಡನೇ ಅರ್ಧದ ಫೋಟೊಗಳಿಗೆ ಹೊಂದಿದವು. ನೀನೂ ಪ್ರತಿ ಜರ್ಸಿಯ ಎದುರು, ಬೆನ್ನು, ಲಾಂಛನ, ಪಕ್ಕೆಯ ಹೊಲಿಗೆಯಲ್ಲಿ ಪಟ್ಟೆಗಳು ಕೂಡುವ ಜಾಗ, ಒಳಗಿನ ಚಿಕ್ಕ ಚೀಟಿಯ ಸಂಕೇತ, ಇಷ್ಟನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆ. ಹೊಸದಾಗಿ ಏನಾದರೂ ಕೊಳ್ಳುವ ಮುಂಚೆ ಆ ಸಂಕೇತವನ್ನು ಅಂತರ್ಜಾಲದಲ್ಲಿ ಹುಡುಕು. ಬೇರೆ ತಂಡದ, ಬೇರೆ ವರ್ಷದ ಜರ್ಸಿ ಬಂದರೆ ಅದು ನಕಲಿ. ನಕಲಿ ಮಾಡುವವರು ಒಂದೇ ಚೀಟಿಯನ್ನು ನೂರಾರು ಜರ್ಸಿಗೆ ಹೊಲಿಯುತ್ತಾರೆ.

ಸಂಖ್ಯೆಯನ್ನು ಜರ್ಸಿಯ ಮೇಲೆ ಬರೆಯಬೇಡ. ಹತ್ತಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಒಳಹೊಲಿಗೆಗೆ ಎರಡು ಟಾಕು ಹಾಕು.

ಪೆಟ್ಟಿಗೆಗಳು ಬಂದಾಗ ಮೊದಲು ಕಾಗದದ್ದನ್ನು ತೆರೆ, ಅದರ ಮೇಲೆ ಹಸಿರು ದಾರವಿದೆ. ಬೂಟಿನದ್ದು ಎರಡನೆಯದು. ಜರ್ಸಿಗಳು ಒಂದು ವಾರ ಕಾದರೂ ನಡೆಯುತ್ತದೆ. ಹೈಗ್ರೋಮೀಟರ್ ಏನು ತೋರಿಸುತ್ತದೆ ಎಂದು ಜೂನ್ ಮೊದಲ ವಾರ ಫೋನ್ ಮಾಡಿ ಹೇಳು, 60 ದಾಟುತ್ತಿದ್ದರೆ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರ ಕೊಳ್ಳೋಣ, ಅದರ ಖರ್ಚು ನನ್ನದು.

ನಿನ್ನ
ಅಮ್ಮ